ಬೋರ್‌ವೆಲ್ಲಿಗೆ ಇಳಿದ ವಾಚು

ಕಡೂರಿನ ಬಸ್ ಸ್ಟ್ಯಾಂಡಿನಿಂದ ಎರಡು ನಿಮಿಷ ನಡೆದರೆ ನನ್ನ ಅಂಗಡಿ. ಅಗಲ ಆರಡಿ, ಉದ್ದ ಹತ್ತಡಿ. ಮುಂದೆ ವಾಚು ರಿಪೇರಿಯ ಮೇಜು, ಹಿಂದೆ ಪರದೆಯಾಚೆ ಲೋಹ ಕಡೆಯುವ ಒಂದು ಪುಟ್ಟ ಲೇತ್. ಹೊಸಬರು ಒಳಗೆ ಇಣುಕಿ "ರಿಪೇರಿಯವರು ಇಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ "ಊಟಕ್ಕೆ ಹೋಗವ್ರೆ, ಕೂತ್ಕಳಿ" ಎಂದು ಕೂರಿಸಿ, ಅವರ ವಾಚು ಇಸಿದುಕೊಂಡು, ಅವರ ಎದುರಿಗೇ ಬಿಚ್ಚಿ ಸರಿಮಾಡಿ ಕೊಡುತ್ತೇನೆ. ಅಷ್ಟಾದ ಮೇಲೂ ಕೆಲವರು ರಿಪೇರಿಯವರಿಗೆ ಕಾಯುತ್ತಾ ಕೂರುವುದುಂಟು.

ಈ ಕೆಲಸವನ್ನು ನಾನು ಕಲಿತದ್ದು ಒಂದು ವಾಚ್ ಫ್ಯಾಕ್ಟರಿಯಲ್ಲಿ. ಅದು ಮುಚ್ಚಿದ ಮೇಲೆ ಗಂಡನ ಊರಿಗೆ ಬಂದೆ. ನಮ್ಮ ಯಜಮಾನರಿಗೆ ದೇವನೂರಿನ ಕಡೆ ತೆಂಗಿನ ತೋಟವಿದೆ. ನನಗೆ ತೋಟದ ಕೆಲಸ ಒಗ್ಗಲಿಲ್ಲ. ನಾನು ಬುಡಕ್ಕೆ ನೀರು ಬಿಟ್ಟ ಸಸಿಗಳೇ ಮೊದಲು ಒಣಗುತ್ತವೆ ಎಂದು ಅವರು ಈಗಲೂ ಆಡಿಕೊಳ್ಳುತ್ತಾರೆ. ಹಾಗಾಗಿ ಅವರ ಪಾಡಿಗೆ ತೋಟ, ನನ್ನ ಪಾಡಿಗೆ ಅಂಗಡಿ.

ಫ್ಯಾಕ್ಟರಿಯಲ್ಲಿ ನಾನು ಒಂದು ಸಾಲಿಗೆ ಹಿರಿಯಳಾಗಿದ್ದೆ. ಜೋಡಣೆಯಾದ ವಾಚುಗಳನ್ನು ಯಂತ್ರಕ್ಕಿಟ್ಟು, ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಓಡುತ್ತದೆ, ಎಷ್ಟು ಹಿಂದೆ ಬೀಳುತ್ತದೆ ಎಂದು ನೋಡಿ, ಹೆಚ್ಚುಕಡಿಮೆ ಇದ್ದರೆ ತಿದ್ದಿ, ಚೀಟಿಯಲ್ಲಿ ಬರೆಯುವುದು ನಮ್ಮ ಸಾಲಿನ ಕೆಲಸ. ನನಗೆ ಮೂಗಿನ ತುದಿಯಲ್ಲೇ ಕೋಪ. ಹುಡುಗಿಯರು ನನ್ನ ಚಪ್ಪಲಿ ಸದ್ದು ಕೇಳಿದರೆ ಮಾತು ನಿಲ್ಲಿಸುತ್ತಿದ್ದರು. ತರೀಕೆರೆಯಿಂದ ಬಂದ ಒಬ್ಬಳಿದ್ದಳು, ಹದಿನೆಂಟು ವರ್ಷದವಳು, ಸಣ್ಣ ಬೆರಳಿನವಳು. ನಮ್ಮ ಕಡೆಯವಳೆಂದು ನನ್ನ ಪಕ್ಕದಲ್ಲೇ ಕೂರಿಸಿಕೊಂಡಿದ್ದೆ. ಒಂದು ದಿನ ಅವಳು ಹನ್ನೆರಡು ವಾಚಿನ ಟ್ರೇ ತಂದಿಟ್ಟಳು. ಹನ್ನೆರಡು ಚೀಟಿಯಲ್ಲೂ ಒಂದೇ ಅಂಕಿ, ಆರು ಸೆಕೆಂಡು ಮುಂದೆ. ಹನ್ನೆರಡು ವಾಚು ಒಂದೇ ಥರ ಓಡುವುದುಂಟೇ? ಒಂದನ್ನು ನೋಡಿ ಉಳಿದ ಹನ್ನೊಂದಕ್ಕೂ ಅದನ್ನೇ ಬರೆದಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಇಡೀ ಸಾಲಿನ ಎದುರು ಬೈದೆ. "ಅಳೆದದ್ದನ್ನ ಬರಿ. ಅಂದುಕೊಂಡದ್ದನ್ನ ಬರೀಬೇಡ" ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ನಾನು ಬಿಡಲಿಲ್ಲ. ಮೇಲಿನವರಿಗೂ ಹೇಳಿದೆ. ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಒಂದು ವರ್ಷ ಅವಳು ಡಬ್ಬಿಗೆ ವಾಚು ತುಂಬುತ್ತಾ ಕೂತಳು.

ಅಂಥವಳು ಈಗ ಬೆಂಗಳೂರಿನಲ್ಲಿ ಸ್ವಂತವಾಗಿ ವಾಚು ತಯಾರಿಸುತ್ತಾಳೆ. ಸಾಮಾನ್ಯ ವಾಚಲ್ಲ, ಸಮುದ್ರದಲ್ಲಿ ಮುಳುಗುವವರು ಕಟ್ಟಿಕೊಳ್ಳುವ ವಾಚು. ಒಂದರ ಬೆಲೆಗೆ ಒಂದು ಒಳ್ಳೆಯ ಸ್ಕೂಟರು ಬರುತ್ತದೆ. ಕೊಳ್ಳುವವರಲ್ಲಿ ಮುಕ್ಕಾಲು ಪಾಲು ಜನ ಕೈ ತೊಳೆಯುವುದಕ್ಕಿಂತ ಹೆಚ್ಚು ನೀರಿಗೆ ಅದನ್ನು ಒಡ್ಡುವುದಿಲ್ಲ ಎಂದು ಅವಳೇ ನಗುತ್ತಾಳೆ. ಆದರೂ ಇನ್ನೂರು ಮೀಟರ್ ಆಳ ತಡೆಯುತ್ತದೆ ಎಂದು ಬರೆದ ಮೇಲೆ ತಡೆಯಲೇಬೇಕು. ಒಂದು ದಿನ ನನ್ನ ಅಂಗಡಿಯ ಮುಂದೆ ಕಾರು ನಿಂತಿತು. ತಲೆಯಲ್ಲಿ ಅರ್ಧ ಬಿಳಿಗೂದಲು ಬಂದಿದ್ದ ಅವಳು ಇಳಿದು, "ಅಕ್ಕ, ಲೇತ್ ಇನ್ನೂ ಮುಟ್ತೀರಾ?" ಎಂದಳು. ಹಳೆಯದನ್ನೆಲ್ಲ ಮರೆತಿದ್ದಾಳೆ, ಒಳ್ಳೆಯ ಹುಡುಗಿ ಎಂದುಕೊಂಡೆ. ವಾಚಿಗೆ ಬೇಕಾದಷ್ಟು ಸಣ್ಣ ಮರೆಯನ್ನು, ಅಂದರೆ ಸ್ಕ್ರೂವಿನ ಸುತ್ತುಗಳನ್ನು, ಲೇತ್ ಮೇಲೆ ಕೊರೆಯುವವರು ಅವಳಿಗೆ ಬೇಕಾಗಿದ್ದರು.

ಕೆಲಸದ ಕಷ್ಟ ಹೀಗಿದೆ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ, ನಮ್ಮ ಮೇಲಿರುವ ಇಡೀ ಗಾಳಿಯ ಭಾರವನ್ನು ಇನ್ನೊಂದು ಸಲ ಹೇರಿದ ಹಾಗೆ. ಇನ್ನೂರು ಮೀಟರಿಗೆ ಅಂಥ ಇಪ್ಪತ್ತು ಹೊರೆ. ವಾಚಿನ ಗಾಜಿನ ಮೇಲೆ ಇಬ್ಬರು ದಪ್ಪನೆಯ ಗಂಡಸರು ಒಟ್ಟಿಗೆ ನಿಂತಷ್ಟು ಒತ್ತಡ ಬೀಳುತ್ತದೆ. ಗಾಜು ದಪ್ಪ ಹಾಕಿದರೆ ತಡೆಯುತ್ತದೆ, ಉಕ್ಕಿನ ಮೈಯೂ ತಡೆಯುತ್ತದೆ. ತೊಂದರೆ ಇರುವುದು ಸಂದುಗಳಲ್ಲಿ. ಹಿಂಬದಿಯ ಮುಚ್ಚಳ ಒಂದು ಸಂದು, ಪಕ್ಕದಲ್ಲಿ ಕೀ ಕೊಡುವ ಗುಂಡಿ ಇನ್ನೊಂದು. ಎರಡನ್ನೂ ಮರೆ ತಿರುಗಿಸಿ ಬಿಗಿಮಾಡಿ, ನಡುವೆ ರಬ್ಬರ್ ರಿಂಗು ಕೂರಿಸುತ್ತೇವೆ. ರಿಂಗು ಸರಿಯಾಗಿ ಕೂತರೆ ನೀರು ಒತ್ತಿದಷ್ಟೂ ಅದು ತನ್ನ ಜಾಗಕ್ಕೆ ಇನ್ನಷ್ಟು ಬಿಗಿಯಾಗುತ್ತದೆ. ಸರಿಯಾಗಿ ಕೂರದಿದ್ದರೆ ದೇವರೇ ಗತಿ. ಆ ಗುಂಡಿ ಕೂರುವ ಕೊಳವೆ, ಅದರ ಮರೆ, ಹಿಂಬದಿಯ ಮುಚ್ಚಳ ಇವಿಷ್ಟೂ ನನ್ನ ಪಾಲಿನ ಕೆಲಸ. ಮೂರು ತಿಂಗಳು ಬೇರೆ ರಿಪೇರಿಯನ್ನೆಲ್ಲ ಬದಿಗಿಟ್ಟು ಮಾಡಿದೆ. ಆ ಮೂರು ತಿಂಗಳು ನನಗೆ ವಯಸ್ಸೇ ನೆನಪಾಗಲಿಲ್ಲ.

ಮೊದಲ ವಾಚು ಸಿದ್ಧವಾದಾಗ ಪರೀಕ್ಷೆಯ ಮಾತು ಬಂತು. ಬೆಂಗಳೂರಿನಲ್ಲಿ ನೀರಿನ ಒತ್ತಡ ಕೊಟ್ಟು ನೋಡುವ ಯಂತ್ರ ಇರುವವರಿದ್ದಾರೆ, ಆದರೆ ಅವರ ಸರದಿಗೆ ಎರಡು ವಾರ ಕಾಯಬೇಕು. ಅವಳಿಗೆ ಅಷ್ಟು ಸಮಯ ಇರಲಿಲ್ಲ. ಸಮುದ್ರದ ತಳದಲ್ಲಿ ಎಣ್ಣೆ ಕೊಳವೆಗಳ ಕೆಲಸ ಮಾಡುವ ಒಬ್ಬ ಮುಳುಗುಗಾರ ಮೊದಲ ವಾಚು ಕಟ್ಟಿಕೊಂಡು ನೋಡಲು ಒಪ್ಪಿದ್ದ. ನೂರು ಮೀಟರಿಗಿಂತ ಕೆಳಗೆ ಇಳಿಯುವವನು. ಸೋಮವಾರ ಹೊರಡುವವನಿದ್ದ. ಅವನ ಒಂದು ಒಳ್ಳೆಯ ಮಾತಿನ ಮೇಲೆ ಅವಳ ಉಳಿದ ನಲವತ್ತು ವಾಚಿನ ಮಾರಾಟ ನಿಂತಿತ್ತು.

"ಯಂತ್ರ ಯಾಕೆ ಬೇಕು ಕಣೇ?" ಎಂದೆ ನಾನು. "ನಮ್ಮ ತೋಟದಲ್ಲಿ ಏಳುನೂರಿಪ್ಪತ್ತು ಅಡಿ ಬೋರಿದೆ. ಇನ್ನೂರು ಮೀಟರ್ ಅಂದ್ರೆ ಆರುನೂರೈವತ್ತಾರು ಅಡಿ. ಹಗ್ಗ ಕಟ್ಟಿ ಬಿಟ್ರೆ ಆಯ್ತಲ್ಲ."

ಅವಳು ಸ್ವಲ್ಪ ಅನುಮಾನಿಸಿದಳು. ನಾನು ಗದರಿದೆ. ಈ ವಯಸ್ಸಿನಲ್ಲೂ ನಾನು ಗದರಿದರೆ ಅವಳು ಸುಮ್ಮನಾಗುತ್ತಾಳೆ ಎಂಬುದು ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಅದೃಷ್ಟಕ್ಕೆ ಆ ವಾರ ತೋಟದ ಮೋಟಾರು ಕೆಟ್ಟು ಪಂಪನ್ನು ಮೇಲೆತ್ತಿದ್ದರು. ಬೋರಿನ ಬಾಯಿ ಖಾಲಿ ಇತ್ತು. ಎತ್ತಿದ ಪೈಪುಗಳನ್ನು ತೆಂಗಿನ ಮರಗಳ ನಡುವೆ ಸಾಲಾಗಿ ಮಲಗಿಸಿದ್ದರು. ಒಂದೊಂದೂ ಇಪ್ಪತ್ತು ಅಡಿ, ಒಟ್ಟು ಮೂವತ್ತಮೂರು. ಲೆಕ್ಕ ಹಾಕಿದರೆ ಆರುನೂರ ಅರವತ್ತು ಅಡಿ, ನನಗೆ ಬೇಕಾದಷ್ಟೇ. ಬಿಳಿ ನೈಲಾನ್ ಹಗ್ಗವನ್ನು ಪೈಪಿನ ಪಕ್ಕ ಹಿಡಿದು, ಇಪ್ಪತ್ತು ಅಡಿಗೊಂದು ಕೆಂಪು ದಾರದ ಗಂಟು ಹಾಕಿದೆ. ಮೂವತ್ತಮೂರು ಗಂಟು. ಎರಡು ಸಲ ಎಣಿಸಿದೆ. ತೂತು ಕೊರೆದ ಸ್ಟೀಲ್ ಕೊಳವೆಯೊಳಗೆ ವಾಚನ್ನಿಟ್ಟು, ಕೆಳಗೆ ತೂಕದ ಕಲ್ಲು ಕಟ್ಟಿ ಇಳಿಬಿಟ್ಟೆವು. ನಮ್ಮ ಯಜಮಾನರು ಹಗ್ಗ ಬಿಡುತ್ತಾ, "ಲಕ್ಷ ರೂಪಾಯಿ ವಾಚು ಕಣೇ, ಗಂಟು ಬಿಚ್ಕಂಡ್ರೆ ಪಾತಾಳ್ದಲ್ಲಿ ಹುಡುಕ್ಬೇಕು" ಎಂದರು. ಎರಡು ಗಂಟೆ ಕೆಳಗೆ ಇಟ್ಟೆವು.

ಮೇಲೆಳೆದ ಮೇಲೆ ಒಳಗೆ ತೇವ ಹೋಗಿದೆಯೇ ಎಂದು ನೋಡುವ ಒಂದು ಹಳೆಯ ರೀತಿ ಇದೆ. ವಾಚನ್ನು ಒರೆಸಿ, ಬೆಚ್ಚಗಿರುವ ದೋಸೆ ಕಾವಲಿಯ ಮೇಲಿಟ್ಟು, ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಡಬೇಕು. ಒಳಗೆ ತೇವ ಇದ್ದರೆ ಆ ಹನಿಯ ಕೆಳಗೆ ಗಾಜು ಒಳಗಿನಿಂದ ಮಂಜಾಗುತ್ತದೆ. ಮಂಜಾಗಲಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮತ್ತೆ ಮತ್ತೆ ನೋಡಿದೆ. ಕನ್ನಡಿಯಷ್ಟು ಸ್ವಚ್ಛವಾಗಿತ್ತು.

ವಾಚು ರಿಪೇರಿಯವರು ಬಿಚ್ಚಿದ ವಾಚಿನ ಹಿಂಬದಿಯ ಮುಚ್ಚಳದ ಒಳಗೆ ಸೂಜಿಯಿಂದ ಗುರುತು ಕೆತ್ತುವುದು ವಾಡಿಕೆ. ಮುಂದೆ ಯಾರಾದರೂ ಬಿಚ್ಚಿದರೆ, ಇದಕ್ಕೆ ಏನಾಗಿತ್ತು, ಯಾರು ಮುಟ್ಟಿದ್ದರು ಎಂದು ತಿಳಿಯಬೇಕು. ನಾನು ನನ್ನ ಗುರುತು ಕೆತ್ತಿ, ಅದರ ಪಕ್ಕ ಇನ್ನೂರು ಮೀಟರ್ ಎಂದು ಕೆತ್ತಿದೆ. ಒಂದು ಕಾಗದದಲ್ಲೂ ಬರೆದು ಸಹಿ ಹಾಕಿದೆ. ಬುಧವಾರ ಸಂಜೆ ಅವಳು ಬಂದು ಎರಡನ್ನೂ ಒಯ್ದಳು.

ಗುರುವಾರ ಬೆಳಿಗ್ಗೆ ಪಂಪು ಇಳಿಸುವವನು ಬಂದ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ಕಡೆ ಯಾವ ಹೊಲದಲ್ಲಿ ಎಷ್ಟು ಅಡಿ ಬೋರಿದೆ ಎಂಬುದು ಅವನ ಬಾಯಲ್ಲಿದೆ. ನಾನು ಹಗ್ಗವನ್ನು ಎರಡು ತೆಂಗಿನ ಮರಗಳ ನಡುವೆ ಒಣಗಲು ಸುತ್ತಿ ಕಟ್ಟಿದ್ದೆ. ಅವನು ಬೀಡಿ ಕಚ್ಚಿಕೊಂಡು ಅದನ್ನೇ ನೋಡುತ್ತಾ ನಿಂತ. ಆಮೇಲೆ ಕೆಂಪು ಗಂಟುಗಳನ್ನು ಬೆರಳಿನಿಂದ ಎಣಿಸಿದ.

"ಒಳ್ಳೆ ಕೆಲ್ಸ ಮಾಡಿದೀರಾ ಅಮ್ಮ, ನಂಗೆ ನೀರು ನೋಡೋ ಕೆಲ್ಸ ಉಳೀತು. ಹತ್ತೊಂಬತ್ತು ಗಂಟಿಗೆ ನೀರು ನಿಂತೈತೆ. ಮುನ್ನೂರೆಂಬತ್ತು ಅಡಿ. ಪರ್ವಾಗಿಲ್ಲ, ಹೋದ್ ವರ್ಷಕ್ಕಿಂತ ಮೇಲೈತೆ" ಎಂದ.

ನಾನು ಹಗ್ಗದ ಹತ್ತಿರ ಹೋದೆ. ನಮ್ಮ ಬೋರಿನ ನೀರಿನಲ್ಲಿ ತುಕ್ಕಿನ ಬಣ್ಣವಿದೆ. ಹಗ್ಗದ ಒಂದು ತುದಿಯಿಂದ ಹತ್ತೊಂಬತ್ತನೆಯ ಗಂಟಿನವರೆಗೆ ಅಂಗಡಿಯಿಂದ ತಂದ ಹಾಗೇ ಬಿಳಿ. ಅಲ್ಲಿಂದಾಚೆ ಕಂದು.

ನಮ್ಮ ಕಡೆ ಬೋರಿನ ಆಳವನ್ನು ಯಾರೂ ನೆಲದಿಂದಲ್ಲದೆ ಬೇರೆ ಎಲ್ಲಿಂದಲೂ ಹೇಳುವುದಿಲ್ಲ. ಏಳುನೂರಕ್ಕೆ ಹೋದೆವು, ಎಂಟುನೂರಕ್ಕೆ ಸಿಕ್ಕಿತು ಎನ್ನುತ್ತಾರೆ. ಕೊರೆಯುವ ಖರ್ಚು ನೆಲದಿಂದಲೇ ಶುರುವಾಗುತ್ತದಲ್ಲ. ಗಂಡನ ಊರಿಗೆ ಬಂದಾಗಿನಿಂದ ಅದನ್ನೇ ಕೇಳಿ ಕೇಳಿ ನನ್ನ ತಲೆಯಲ್ಲಿ ಬೋರು ಎಂದರೆ ಬಾಯಿತನಕ ನೀರು ತುಂಬಿದ ಕೊಳವೆ. ಆದರೆ ವಾಚನ್ನು ಒತ್ತುವುದು ನೀರು, ಬೋರಿನ ಆಳವಲ್ಲ. ಮೇಲಿನ ಮುನ್ನೂರೆಂಬತ್ತು ಅಡಿ ಬರೀ ಗಾಳಿ. ವಾಚಿನ ಮೇಲೆ ನಿಂತದ್ದು ಇನ್ನೂರೆಂಬತ್ತು ಅಡಿ ನೀರು, ಅಂದರೆ ಎಂಬತ್ತೈದು ಮೀಟರ್. ಹಗ್ಗ ಎಳೆಯುವಾಗ ಒಣ ಹಗ್ಗ ಮುಗಿದು ಒದ್ದೆ ಹಗ್ಗ ಬಂದದ್ದು ನನ್ನ ಇದೇ ಎರಡು ಅಂಗೈಗಳ ಮೇಲೆ. ಕೈಗೆ ತಿಳಿದದ್ದು ತಲೆಗೆ ಹೋಗಲಿಲ್ಲ.

ತಕ್ಷಣ ಫೋನ್ ಮಾಡಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಮಾಡಲಿಲ್ಲ. ಗುರುವಾರ ಇಡೀ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಬತ್ತೈದಕ್ಕೆ ಒಂದು ಹನಿಯೂ ಹೋಗಿಲ್ಲ, ಇನ್ನೂರಕ್ಕೂ ಹೋಗುವುದಿಲ್ಲ. ಮಾಡಿದವಳು ನಾನು, ನಾನು ಕೊರೆದ ಮರೆ ನನಗೆ ಗೊತ್ತು. ಮುಳುಗುವವನ ಪ್ರಾಣವೇನೂ ವಾಚಿನಲ್ಲಿಲ್ಲ, ಅವನಿಗೆ ಹೊತ್ತು ನೋಡಿ ಹೇಳಲು ಮೇಲೆ ಹಡಗಿನಲ್ಲಿ ಜನರಿದ್ದಾರೆ. ಹೀಗೆಲ್ಲ. ನಿಜವಾದ ಕಾರಣ ಇಷ್ಟೇ: ಇಡೀ ಸಾಲಿನ ಎದುರು ಯಾವ ಮಾತು ಹೇಳಿ ಬೈದಿದ್ದೆನೋ, ಈಗ ಅವಳ ಎದುರಿಗೇ ಅದೇ ಮಾತಿಗೆ ನಾನು ತಲೆ ತಗ್ಗಿಸಬೇಕಾಗಿತ್ತು. ಅದಕ್ಕಿಂತ ಬೋರಿಗೆ ನಾನೇ ಇಳಿಯುವುದು ಸುಲಭ ಎನ್ನಿಸಿತು.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಯಜಮಾನರು ತಟ್ಟೆ ನೋಡುತ್ತಲೇ ಕೇಳಿದರು. "ಅವ್ಳಿಗೆ ಹೇಳ್ದೇನೇ?"

"ಇಲ್ಲ."

"ಅವ್ನು ಸೋಮ್ವಾರ ಹೊಂಟೋಯ್ತಾನೆ."

ಅವರು ಬೈದಿದ್ದರೆ ನಾನು ಜಗಳವಾಡಿ ಇನ್ನೊಂದು ದಿನ ತಳ್ಳುತ್ತಿದ್ದೆನೇನೋ. ಕೈ ತೊಳೆದುಕೊಂಡು ಫೋನ್ ಮಾಡಿದೆ.

"ಲೇ, ಆ ವಾಚು ಎಲ್ಲಿದೆ?"

"ಅವರ ಕೈಗೆ ಕೊಟ್ಟೆ ಅಕ್ಕ. ಯಾಕೆ?"

"ವಾಪಸ್ ಇಸ್ಕೋ. ಇನ್ನೂರು ಮೀಟರ್ ಆಗಿಲ್ಲ. ಎಂಬತ್ತೈದೇ ಆಗಿರೋದು."

"ಅಳೆದೆ ಅಂದ್ರಲ್ಲ ಅಕ್ಕ?"

"ಹಗ್ಗ ಅಳೆದೆ ಕಣೇ. ನೀರು ಅಳೀಲಿಲ್ಲ."

ಎಲ್ಲ ಬಿಡಿಸಿ ಹೇಳಿದೆ. ಅವಳು ಕೂಗಾಡಲಿಲ್ಲ. ನಲವತ್ತು ಡಯಲಿನ ಮೇಲೆ ಇನ್ನೂರು ಎಂದು ಅಚ್ಚು ಹಾಕಲು ಆವತ್ತು ಬೆಳಿಗ್ಗೆಯಷ್ಟೇ ಹೇಳಿದ್ದಳಂತೆ. "ನಿಲ್ಲಿಸ್ತೀನಿ. ವಾಚು ತಗೊಂಡು ಭಾನುವಾರ ಬತ್ತೀನಿ" ಎಂದಳು. ಬೈಗುಳ ತಿನ್ನಲು ಸಿದ್ಧಳಾಗಿ ಕೂತಿದ್ದವಳಿಗೆ ಬೈಗುಳವೂ ಸಿಗಲಿಲ್ಲ.

ಪಂಪಿನವನನ್ನೇ ಕೇಳಿದೆ. ನೆಲದಿಂದ ಸ್ವಲ್ಪ ಕೆಳಗೇ ನೀರು ನಿಂತಿರುವ, ಏಳುನೂರು ಅಡಿ ದಾಟಿದ ಬೋರು ಎಲ್ಲಾದರೂ ಇದೆಯೇ ಎಂದು. ಅವನು ತಲೆ ಕೆರೆದುಕೊಳ್ಳಲೂ ಇಲ್ಲ. "ಬುಕ್ಕಾಂಬುಧಿ ಕೆರೆ ಕೆಳಗೆ ಒಂದೈತೆ. ಕೆರೆ ಒಣಗಿದ್ದಾಗ ಏಳುನೂರೈವತ್ತು ಹೊಡ್ಸಿದ್ರು. ಈಗ ಕೆರೆ ತುಂಬೈತೆ, ಅರವತ್ತಡಿಗೇ ನೀರು. ಪಂಪು ಇಳ್ಸಿಲ್ಲ, ಬಾಯಿಗೆ ಮುಚ್ಚಳ ಹಾಕವ್ರೆ" ಎಂದ. ಹಗ್ಗಕ್ಕೆ ಇನ್ನೊಂದು ತುಂಡು ಸೇರಿಸಿ ಗಂಟು ಹಾಕಿಕೊಂಡು ಭಾನುವಾರ ಅಲ್ಲಿಗೆ ಹೋದೆವು. ಮೊದಲು ಬರೀ ಕಲ್ಲು ಕಟ್ಟಿ ಇಳಿಸಿ, ನೀರು ಎಲ್ಲಿ ಮುಟ್ಟುತ್ತದೆ ಎಂದು ನೋಡಿಕೊಂಡೆ. ಅಲ್ಲಿಂದ ಕೆಳಕ್ಕೆ ಆರುನೂರೈವತ್ತಾರು ಅಡಿ ಲೆಕ್ಕ ಹಾಕಿ ವಾಚನ್ನು ಬಿಟ್ಟೆ.

ಮೇಲೆ ಬಂದಾಗ ಕಾವಲಿಯ ಅಗತ್ಯವೇ ಬೀಳಲಿಲ್ಲ. ಗಾಜಿನ ಕೆಳಗೆ ಕಾಳಿನಷ್ಟು ದಪ್ಪದ ಹನಿ ಓಡಾಡುತ್ತಿತ್ತು. ಮುಳ್ಳುಗಳು ನಿಂತಿದ್ದವು.

ಅಂಗಡಿಗೆ ತಂದು ಬಿಚ್ಚಿದೆ. ಕೀ ಗುಂಡಿಯ ಕೊಳವೆಯಲ್ಲಿ, ನಾನು ಕೊರೆದ ಮರೆಯ ಕೊನೆಯ ಸುತ್ತಿನಲ್ಲಿ, ಕೂದಲಿಗಿಂತ ಸಣ್ಣದೊಂದು ಲೋಹದ ಎಳೆ ಎದ್ದು ನಿಂತಿತ್ತು. ಗುಂಡಿ ತಿರುಗಿಸಿದಾಗಲೆಲ್ಲ ಅದು ರಬ್ಬರ್ ರಿಂಗನ್ನು ಗೀರುತ್ತಿತ್ತು. ಕಡಿಮೆ ಒತ್ತಡದಲ್ಲಿ ಆ ಗೀರು ಮುಚ್ಚಿಕೊಂಡಿರುತ್ತದೆ, ಹೆಚ್ಚಾದರೆ ಬಾಯಿ ಬಿಡುತ್ತದೆ. ನಲವತ್ತು ಕೊಳವೆಯನ್ನೂ ಅದೇ ಲೇತಿನ ಮೇಲೆ, ಅದೇ ಉಳಿಯಿಂದ ಕೊರೆದದ್ದು. ಎಲ್ಲವನ್ನೂ ಒಂದೊಂದಾಗಿ ಭೂತಗನ್ನಡಿಯ ಕೆಳಗೆ ಹಿಡಿದೆ. ಒಂಬತ್ತರಲ್ಲಿ ಆ ಎಳೆ ಇತ್ತು. ಅವನ್ನು ಎಸೆದು ಹೊಸದಾಗಿ ಕೊರೆದೆ. ಮರೆಯ ಅಂಚನ್ನು ಉಜ್ಜಿ ನುಣುಪು ಮಾಡಿದೆ. ಮುಳುಗುವವನು ಸೋಮವಾರ ತನ್ನ ಹಳೆಯ ವಾಚು ಕಟ್ಟಿಕೊಂಡೇ ಹೊರಟುಹೋದ. ಅವಳಿಗೆ ಅಷ್ಟರ ಮಟ್ಟಿಗೆ ನಷ್ಟವಾಯಿತು.

ಮುಂದಿನ ಭಾನುವಾರ ಮತ್ತೆ ಬುಕ್ಕಾಂಬುಧಿ. ಅದೇ ವಾಚು, ಒಳಗಿನ ಯಂತ್ರ ಬೇರೆ, ಕೊಳವೆ ಬೇರೆ. ಹಗ್ಗ ಇಳಿಸಿ ಇಬ್ಬರೂ ಕೆರೆ ಏರಿಯ ಮೇಲೆ ಬುತ್ತಿ ಬಿಚ್ಚಿ ಕೂತೆವು. ಅವಳು ಚಿತ್ರಾನ್ನ ತಂದಿದ್ದಳು, ನಾನು ರೊಟ್ಟಿ ತಂದಿದ್ದೆ. ಎರಡು ಗಂಟೆಯಾದ ಮೇಲೆ ಎಳೆದೆವು. ನಾನು ಗಂಟುಗಳನ್ನು ಗಟ್ಟಿಯಾಗಿ ಎಣಿಸಿದೆ, ಅವಳು ಬರೆದುಕೊಂಡಳು. ಮೂರು ಗಂಟು ಒಣ, ಅಲ್ಲಿಂದ ಕೊನೆಯವರೆಗೂ ಒದ್ದೆ. ಬೋರಿನ ಪಕ್ಕದ ಮನೆಯವರ ಒಲೆಯ ಮೇಲೆ ಕಾವಲಿ ಬೆಚ್ಚಗೆ ಮಾಡಿ ವಾಚನ್ನಿಟ್ಟು ಹನಿ ಬಿಟ್ಟೆ. ಗಾಜು ಮಂಜಾಗಲಿಲ್ಲ. ಒರೆಸಿ ಇನ್ನೊಂದು ಸಲ ಬಿಟ್ಟೆ. ಆಗಲೂ ಇಲ್ಲ. ಸೆಕೆಂಡಿನ ಮುಳ್ಳು ತನ್ನ ಪಾಡಿಗೆ ಓಡುತ್ತಿತ್ತು.

ಖುಷಿಗೆ ನನ್ನ ನಾಲಿಗೆ ಸಡಿಲವಾಯಿತು. ಕ್ಷಮಿಸು ಎನ್ನುವುದು ನನ್ನ ಬಾಯಿಗೆ ಸುಲಭಕ್ಕೆ ಬರುವ ಮಾತಲ್ಲ. ಹಾಗಾಗಿ ಅದನ್ನು ತಮಾಷೆಯೊಳಗೆ ಸುತ್ತಿ ಕೊಟ್ಟೆ. "ಅವತ್ತು ಆ ಟ್ರೇಲಿ ನೀನು ಮಾಡಿದ್ದನ್ನೇ ಈಗ ನಾನು ಮಾಡ್ದೆ ನೋಡೇ. ನಿಂಗೂ ನಂಗೂ ಸರಿಹೋಯ್ತು ಬಿಡು."

ಅವಳು ವಾಚನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನು ಮಾಡಿರ್ಲಿಲ್ಲ ಅಕ್ಕ."

"ಏನು?"

"ಹನ್ನೆರಡನ್ನೂ ಅಳೆದಿದ್ದೆ. ಹನ್ನೆರಡೂ ಒಂದೇ ಅಂಕಿಗೆ ಬರೋವರ್ಗೂ ತಿದ್ದೋದು ಬಿಟ್ಟಿರ್ಲಿಲ್ಲ. ಎರಡು ದಿನ ಊಟದ ಹೊತ್ತಲ್ಲೂ ಕೂತು ಮಾಡಿದ್ದೆ. ನಿಮಗೆ ತೋರಿಸ್ಬೇಕು ಅಂತ."

ಆ ಮನೆಯವರು ಒಳಗಿಂದ ಕಾಫಿ ತಂದಿಟ್ಟು ಹೋದರು. ಅವಳು ಮೆಲ್ಲಗೆ, ಜಗಳದ ದನಿಯೇ ಇಲ್ಲದೆ ಹೇಳಿದಳು. "ಟ್ರೇನ ಒಂದ್ಸಲ ಮತ್ತೆ ಯಂತ್ರಕ್ಕಿಟ್ಟು ನೋಡಿದ್ರೆ ಸಾಕಿತ್ತು. ಯಂತ್ರ ನಿಮ್ಮ ಮೇಜಿನ ಮೇಲೇ ಇತ್ತಲ್ಲ ಅಕ್ಕ."

ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ಹದಿನೆಂಟರ ಹುಡುಗಿಗೆ ನನ್ನಿಂದಲೇ ಆಗದ ಕೆಲಸ ಆಗುವುದಿಲ್ಲ ಎಂದು ಅಂದುಕೊಂಡೆ, ಅಂದುಕೊಂಡದ್ದನ್ನೇ ಮೇಲಿನವರಿಗೆ ಹೇಳಿದೆ. ಆ ಒಂದು ವರ್ಷದ ಪ್ಯಾಕಿಂಗಿನಲ್ಲಿ ಅವಳು ತುಂಬಿದ ಡಬ್ಬಿಗಳನ್ನು ನಾನು ದಿನಾ ದಾಟಿಕೊಂಡು ಊಟಕ್ಕೆ ಹೋಗುತ್ತಿದ್ದೆ. ನನಗೆ ನಾಚಿಕೆಯಾಯಿತು. "ತಪ್ಪಾಯ್ತು ಕಣೇ" ಎಂದೆ. ಈ ಸಲ ತಮಾಷೆ ಸೇರಿಸಲಿಲ್ಲ.

ಅವಳು ವಾಚಿನ ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದು, ಸೂಜಿಯ ಜೊತೆ ನನ್ನ ಕಡೆ ನೂಕಿದಳು. ಒಳಗೆ ಹತ್ತು ಹನ್ನೊಂದು ದಿನದ ಹಿಂದೆ ನಾನು ಕೆತ್ತಿದ ಇನ್ನೂರು ಹಾಗೇ ಇತ್ತು. ಅದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಎಂಬತ್ತೈದು ಎಂದು ಕೆತ್ತಿದೆ. ಅದರ ಕೆಳಗೆ ಆ ದಿನದ ತಾರೀಖು ಹಾಕಿ, ಇನ್ನೊಂದು ಸಲ ಇನ್ನೂರು ಎಂದು ಕೆತ್ತಿದೆ. ಅಂಕಿ ಸೊಟ್ಟಗೆ ಬಂತು. ಈ ಮುಚ್ಚಳ ಬಿಸಾಕಿ ಹೊಸದು ಮಾಡಿಕೊಡುತ್ತೇನೆ ಎಂದೆ. ಬೇಡ ಎಂದಳು. ಆ ವಾಚನ್ನು ಅವಳು ಯಾರಿಗೂ ಮಾರಲಿಲ್ಲ, ತಾನೇ ಕಟ್ಟಿಕೊಂಡಿದ್ದಾಳೆ.

ಉಳಿದ ನಲವತ್ತೂ ಅದೇ ಬೋರಿಗೆ ಇಳಿದು ಬಂದವು. ಒಂದೊಂದು ಸಲ ಎಂಟು ವಾಚು, ಐದು ಭಾನುವಾರ. ಪ್ರತಿ ಸಲವೂ ಅವಳೇ ಬಂದಳು. ಕಾವಲಿಯ ಮುಂದೆ ನಾನು ನೋಡಿದ ಪ್ರತಿಯೊಂದು ವಾಚನ್ನೂ ಅವಳ ಕೈಗೆ ಕೊಟ್ಟು, "ನೀನೂ ನೋಡು" ಎನ್ನುತ್ತಿದ್ದೆ. ಅವಳು ನೋಡಿ ತಲೆಯಾಡಿಸಿದ ಮೇಲೆಯೇ ಸೂಜಿ ಹಿಡಿಯುತ್ತಿದ್ದೆ.